ದೊರಸಾನಿ ಹೋಳಿಗಿ

ಮಾಳಿಗೆಯ ಮೇಲೆ ಇಟ್ಟ ಎಡೆಯನ್ನು ಕಾಗೆ ಮುಟ್ಟಲಿಲ್ಲ. ಅನ್ನ, ಕೋಳಿ ಸಾರು, ಗೋಧಿ ಹುಗ್ಗಿ, ಮಿರ್ಚಿ ಭಜಿ ಎಲ್ಲ ಎಲೆಯ ಮೇಲಿದ್ದವು. ಕಾಗೆಗಳು ಬಂದವು, ಗೋಡೆಯ ಮೇಲೆ ಸಾಲಾಗಿ ಕುಳಿತವು, ಕತ್ತು ಓರೆ ಮಾಡಿ ನೋಡಿದವು, ಹಾರಿಹೋದವು.

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಪಿಟ್ಟ ಮುಟ್ಟಲಿಲ್ಲ, ಅಂದರೆ ಹಕ್ಕಿ ಬಾಯಿ ಹಾಕಲಿಲ್ಲ ಎಂದರೆ, ಸತ್ತವರ ಮನಸ್ಸು ಮನೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ ಎಂದೇ ಓಣಿಯವರ ನಂಬಿಕೆ. ಅದನ್ನು ಬಿಡಿಸಲು ಮನೆಯವರು ಒಬ್ಬೊಬ್ಬರಾಗಿ ಎಲೆಯ ಮುಂದೆ ನಿಂತು ಮಾತು ಕೊಡಬೇಕು. ಮನೆಯ ಯಜಮಾನ ಶ್ರೀರಾಮುಲು ಕೈಮುಗಿದು, “ನಿನ್ನ ಹೆಸರಿಲೆ ಗುಡಿಗೆ ಘಂಟಿ ಕಟ್ಟಸ್ತೀನವ್ವ, ಉಣ್ಣು” ಎಂದ. ಮಗ ಬಾಲರಾಜ, “ಅವ್ವನ್ನ ಛಲೋ ನೋಡ್ಕೋತೀನಿ, ಚಿಂತಿ ಮಾಡಬ್ಯಾಡ ತಂಗಿ” ಎಂದ. ಅವನ ಹೆಂಡತಿ ಬುಚ್ಚಮ್ಮ ಎಲೆಯ ಅಂಚನ್ನು ಸರಿಪಡಿಸಿ ಹಿಂದೆ ಸರಿದಳು. ಸೊಸೆ ರಜಿನಿ ಮೂರು ವರ್ಷದ ಚಿನ್ನಿಯನ್ನು ಸೊಂಟದ ಮೇಲಿಟ್ಟುಕೊಂಡು ಹಿಂದೆ ನಿಂತಿದ್ದಳು. ನೀನೂ ಒಂದು ಮಾತು ಆಡು ಎಂದು ಅವಳಿಗೆ ಯಾರೂ ಹೇಳಲಿಲ್ಲ.

ಸತ್ತವಳು ಸ್ರವಂತಿ, ಆ ಮನೆಯ ಮಗಳು. ಹೈದರಾಬಾದಿನ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕೇಕು, ಬಿಸ್ಕತ್ತು ಮಾಡುವ ಕೆಲಸದಲ್ಲಿದ್ದಳು. ಜ್ವರ ಬಂತು ಎಂದು ಫೋನು ಬಂದ ಮರುದಿನವೇ ಶವ ಬಂತು. ಓಣಿಗೆ ಓಣಿಯೇ ಅತ್ತಿತು. ಎಡಗೈಯ ಹುಡುಗಿ, ಬಾಯಿ ಬಡುಕಿ, ಬಂದಾಗಲೆಲ್ಲ ಎಲ್ಲರನ್ನೂ ನಗಿಸುತ್ತಿದ್ದವಳು. ತಾಯಿ ಆಕೆಯನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ‘ಬಿಡ್ಡಾ’ ಎನ್ನುವಳು, ಮುದ್ದಿನ ಮಗಳನ್ನು ಕರೆಯುವ ತೆಲುಗು ಮಾತು ಅದು.

ಮೂರನೆಯ ದಿನವೂ ಕಾಗೆ ಮುಟ್ಟಿರಲಿಲ್ಲ, ಈಗ ಒಂಬತ್ತನೆಯ ದಿನವೂ ಮುಟ್ಟಲಿಲ್ಲ. ಬುಚ್ಚಮ್ಮ ನೀರು ಮಜ್ಜಿಗೆ ಬಿಟ್ಟು ಬೇರೇನೂ ಗಂಟಲಿಗೆ ಇಳಿಸುತ್ತಿರಲಿಲ್ಲ. ಮಗಳು ಉಪವಾಸವಿದ್ದಾಳೆ, ತಾನು ಹೇಗೆ ಉಣ್ಣಲಿ ಎಂಬುದು ಅವಳ ಹಟ. ಕಣ್ಣು ಗುಳಿ ಬಿದ್ದಿದ್ದವು.

“ಆ ಹೋಳಿಗಿ ಇಡ್ರಿ,” ಎಂದ ಬಾಲರಾಜ ಅಂದು ಸಂಜೆ. “ಉಗಾದಿಗೆ ಬಂದಾಗ ಮಾಡಿದ್ಲಲ್ಲ, ದೊರಸಾನಿ ಹೋಳಿಗಿ.”

ಆ ಮಾತು ಕೇಳಿ ಬುಚ್ಚಮ್ಮ ಹಣೆ ಹಣೆ ಬಡಿದುಕೊಂಡಳು. ಅವಳ ಎದೆಯ ಮುಳ್ಳು ಅದೇ ಆಗಿತ್ತು. ಯುಗಾದಿಗೆ ಸ್ರವಂತಿ ಮೊದಲ ಸಂಬಳದಲ್ಲಿ ಕೊಂಡ ಸಣ್ಣ ಓವನ್ನನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಟ್ರೀಕಲ್ ಟಾರ್ಟ್ ಅಂತ, ಇಂಗ್ಲೆಂಡಿನ ದೊರಸಾನಿಯರು, ಅಂದರೆ ಬಿಳಿ ಹೆಂಗಸರು, ಮನೆಯಲ್ಲಿ ಮಾಡಿಕೊಂಡು ತಿನ್ನುವ ಸಿಹಿ ಅಂತ ಹೇಳಿ, ಮೈದಾದ ತಟ್ಟೆಯೊಳಗೆ ಬೆಲ್ಲದ ಪಾಕ, ಒಣ ಬ್ರೆಡ್ಡಿನ ಪುಡಿ, ನಿಂಬೆ ಹಾಕಿ ಬೇಯಿಸಿದ್ದಳು. ಎಲ್ಲರೂ ತಿಂದರು. ಬುಚ್ಚಮ್ಮ ಮಾತ್ರ ಮೂಗು ಮುರಿದಳು. “ಒಣಗಿದ ಬ್ರೆಡ್ಡಿನ ಚೂರು ಹಾಕಿ ಸಿಹಿ ಮಾಡ್ತಾರಾ? ದೊರಸಾನೇರಿಗೆ ಬ್ಯಾಳಿ ಸಿಗಲಿಲ್ಲಾ?” ಎಂದು ನಗೆಯಾಡಿ ತಟ್ಟೆಯನ್ನು ಸರಿಸಿಬಿಟ್ಟಳು. ಸ್ರವಂತಿ ನಕ್ಕಳು. ಆದರೂ ಆ ತುಂಡನ್ನು ಮುಚ್ಚಿಟ್ಟು, ಹೊರಡುವ ಹೊತ್ತಿನವರೆಗೂ, “ಒಂದು ತುತ್ತು ತಿನ್ನವ್ವ” ಎನ್ನುತ್ತಲೇ ಇದ್ದಳು.

“ಮಾಡಾಕ ಯಾರಿಗೆ ಬರತೈತಿ?” ಎಂದ ಶ್ರೀರಾಮುಲು.

ಎಲ್ಲರೂ ರಜಿನಿಯ ಕಡೆ ನೋಡಿದರು. ಆ ಮನೆಯಲ್ಲಿ ಯಾರಿಗೂ ಬಾರದ ಕೆಲಸ ಬಂದರೆ ಅದು ರಜಿನಿಗೆ ಬರುತ್ತದೆ ಎಂದೇ ಅರ್ಥ.

“ನಾ ನೋಡೇ ಇಲ್ಲರಿ ಮಾವ. ಉಗಾದಿಗೆ ನಾ ಮಕ್ತಲ್‌ದಾಗ ತವರಮನ್ಯಾಗ ಇದ್ದೆ.”

“ಫೋನಿನ್ಯಾಗ ಎಲ್ಲಾ ತೋರಸ್ತಾರ ನೋಡು,” ಎಂದು ಬಾಲರಾಜ ತನ್ನ ಫೋನನ್ನು ಅವಳ ಕೈಗಿತ್ತು ಮಗ್ಗದ ಕಡೆ ನಡೆದ.

ಫೋನಿನಲ್ಲಿ ಬಿಳಿಯ ಹೆಂಗಸೊಬ್ಬಳು ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲಿ ಉಜ್ಜುತ್ತಿದ್ದಳು. ರಜಿನಿ ಚಪಾತಿಯ ಹಿಟ್ಟು ನಾದುವಂತೆ ಚೆನ್ನಾಗಿ ನಾದಿದಳು. ಬೇಯಿಸಿದಾಗ ಅದು ಹೆಂಚಿನ ಚೂರಿನಂತೆ ಗಟ್ಟಿಯಾಯಿತು. ಚಿನ್ನಿ ಕೂಡ ತಿನ್ನಲಿಲ್ಲ. ಮಾರನೆಯ ದಿನ ಬೆಳಗ್ಗೆ ಮತ್ತೆ ಕುಳಿತಳು. ಈ ಸಲ ಬೆಣ್ಣೆಯನ್ನು ತಣ್ಣೀರಿನಲ್ಲಿಟ್ಟು, ಹಿಟ್ಟನ್ನು ರವೆಯಂತೆ ಉದುರು ಉದುರಾಗಿ ಮಾಡಿ, ತಟ್ಟೆಗೆ ಒತ್ತಿದಳು. ಬೆಲ್ಲವನ್ನು ಎಳೆ ಪಾಕಕ್ಕೆ ತಂದು ಶೋಧಿಸಿದಳು. ಬ್ರೆಡ್ಡಿನ ಪುಡಿ ಸುರಿದಳು. ನಿಂಬೆ ಹಣ್ಣು ಹಿಂಡಿ, ಮೇಲಿನ ಹಸಿರು ಸಿಪ್ಪೆಯನ್ನಷ್ಟೇ ಕೊಬ್ಬರಿ ತುರಿಯುವ ಮಣೆಯ ಸಣ್ಣ ಕಣ್ಣಿನಲ್ಲಿ ತುರಿದು ಹಾಕಿದಳು. ಘಮ್ಮೆಂದಿತು.

ಅಷ್ಟರಲ್ಲಿ ಫೋನಿನ ಚಾರ್ಜು ಮುಗಿದು ಹೋಯಿತು. ಉಳಿದ ಹಿಟ್ಟನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮೇಲೆ ಜಾಲರಿ ಹೆಣೆಯಬೇಕು ಎಂಬಲ್ಲಿಗೆ ಬಂದು ನಿಂತಿತ್ತು. ರಜಿನಿ ಚಾಕು ಹಿಡಿದಳು. ಆಮೇಲೆ ಕೈ ತಾನೇ ಹೊರಟಿತು. ಪಟ್ಟಿ ಕತ್ತರಿಸಿತು, ಒಂದರ ಮೇಲೊಂದು ಹಾಯಿಸಿತು, ಅಂಚು ಒತ್ತಿತು. ಯೋಚಿಸುವುದಕ್ಕೆ ಏನೂ ಇರಲಿಲ್ಲ. ಮುಗಿದ ಮೇಲೆ ನೋಡಿಕೊಂಡರೆ ಚಾಕು ಎಡಗೈಯಲ್ಲಿತ್ತು.

ಶ್ರೀರಾಮುಲು ನೀರು ಕುಡಿಯಲು ಒಳಗೆ ಬಂದವನು ತಟ್ಟೆಯನ್ನು ಕಂಡು ನಿಂತುಬಿಟ್ಟ.

“ಇದನ್ನ ಯಾರು ಹೆಣದ್ರು?”

“ನಾನರಿ.”

“ಇದು ಎಡಗೈ ಹೆಣಿಗಿ. ಐವತ್ತು ವರ್ಷ ನೇಯ್ದ ಕಣ್ಣು ನಂದು, ಎಡದಿಂದ ಬಂದದ್ದು ಗೊತ್ತಾಗತೈತಿ,” ಎಂದವನು ಚೊಂಬು ಇಟ್ಟು, ನೀರು ಕುಡಿಯದೆ ಹೊರಗೆ ಹೋದ. ರಜಿನಿ ಸೆರಗಿಗೆ ಕೈ ಒರೆಸಿಕೊಂಡಳು. ಏನೋ ಗಾಬರಿಯಲ್ಲಿ ಆಗಿದೆ ಎಂದುಕೊಂಡು ಓವನ್ನಿನ ಬಾಗಿಲು ಹಾಕಿದಳು.

ಅಂದೇ ಕೊನೆಯ ದಿನದ ಕಾರ್ಯ. ಮದುವೆಯಾಗದೆ ಹೋದ ಹೆಣ್ಣಿಗೆ ಈ ಮನೆತನಗಳಲ್ಲಿ ಒಂದು ಪದ್ಧತಿ ಇದೆ. ಆಕೆಯ ವಾರಿಗೆಯ ಹೆಣ್ಣೊಬ್ಬಳನ್ನು ಬೇರೆ ಮನೆಯಿಂದ ಕರೆಸಿ, ಹೊಸ ಸೀರೆ ಉಡಿಸಿ, ಸತ್ತವಳ ಹೆಸರಿನಿಂದಲೇ ಕರೆದು ಹೊಟ್ಟೆ ತುಂಬ ಉಣಿಸುತ್ತಾರೆ. ಉಂಡವಳು ಎದ್ದು, ಹಿಂತಿರುಗಿ ನೋಡದೆ, ಅದೇ ಸೀರೆಯಲ್ಲಿ ತನ್ನ ಮನೆಗೆ ಹೋಗಬೇಕು. ಹಿಂದಿನಿಂದ ಬಾಗಿಲು ಹಾಕುತ್ತಾರೆ.

ಶ್ರೀರಾಮುಲುವಿನ ತಂಗಿಯ ಮಗಳು ಹತ್ತಿರದ ನಾರ್ವ ಊರಿನಿಂದ ಬರಬೇಕಿತ್ತು. ಅವಳ ಬದಲು ತಾಯಿಯ ಫೋನು ಬಂತು. “ಪಿಟ್ಟ ಮುಟ್ಟದ ಮನಿಗೆ ಕನ್ಯಾನ್ನ ಹೆಂಗ ಕಳಸಲಿ ಅಣ್ಣ? ತಪ್ಪು ತಿಳಕೋಬ್ಯಾಡ.” ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಹೇಳುವವಳು ಪಕ್ಕದ ಮನೆಯ ಮುದುಕಿ ಚನ್ನವೀರಮ್ಮ. ಅವಳು ಮಗಳ ಬಾಣಂತನಕ್ಕೆಂದು ಗದ್ವಾಲಕ್ಕೆ ಹೋಗಿದ್ದಳು. ಬಿಸಿಲು ಏರಿತು. ಬುಚ್ಚಮ್ಮ ಕುಳಿತಲ್ಲೇ ಓಲಾಡಿ ಗೋಡೆಗೆ ಒರಗಿದಳು.

“ರಜಿನಿ ಕುಂದರ್ಲಿ ಬಿಡ್ರಿ,” ಎಂದ ಬಾಲರಾಜ. “ವಾರಿಗಿಯಾಕಿನೇ ಅಲ್ಲೇನು?”

“ನಾನು ಉಂಡ ಮ್ಯಾಲೆ ಎಲ್ಲಿಗೆ ಹೋಗ್ಲಿರಿ?” ಎಂದಳು ರಜಿನಿ.

“ಎಲ್ಲಿಗೆ ಹೋಗ್ತಿ? ಅಡಗಿಮನಿಗೆ ಹೋಗು.”

ನೆರೆದವರು ಅಷ್ಟು ದುಃಖದಲ್ಲೂ ನಕ್ಕರು. ಶ್ರೀರಾಮುಲು ಮಗಳ ಮದುವೆಗೆಂದು ನೇಯ್ದಿಟ್ಟಿದ್ದ ಸೀರೆಯನ್ನು ತಂದ, ಹಸಿರು ಚೌಕಳಿ, ಕೆಂಪು ಅಂಚು. ರಜಿನಿ ಉಟ್ಟಳು. ಮಣೆಯ ಮೇಲೆ ಕುಳಿತಳು. ಬುಚ್ಚಮ್ಮ ಹೋಳಿಗೆಯ ತುಂಡನ್ನು ಅವಳ ಬಾಯಿಗಿಟ್ಟು, “ಸ್ರವಂತಿ, ತಿನ್ನು ಬಿಡ್ಡಾ” ಎಂದಳು. ರಜಿನಿ ತಿಂದಳು. ಮಾಳಿಗೆಯ ಎಡೆಗೂ ಒಂದು ತುಂಡು ಇಡಲು ಹೋಗಿದ್ದ ಬಾಲರಾಜ ಅಲ್ಲಿಂದ ಕೂಗಿದ: “ಮುಟ್ಟಿತು! ಪಿಟ್ಟ ಮುಟ್ಟಿತು!”

ಎಲ್ಲರ ಕಣ್ಣಲ್ಲೂ ನೀರು. ಬುಚ್ಚಮ್ಮ ತಾನೂ ಒಂದು ತುಂಡು ತಿಂದಳು, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು. ರಜಿನಿ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಬೀದಿಯ ಬಾಗಿಲನ್ನು ಹಾಕಬೇಕಾದ ನೆನಪು ಯಾರಿಗೂ ಬರಲಿಲ್ಲ.

ಮರುದಿನ ಬೆಳಗ್ಗೆ ರಜಿನಿ ಒಲೆ ಹೊತ್ತಿಸುತ್ತಿದ್ದಾಗ ಹಿಂದಿನಿಂದ ದನಿ ಬಂತು. “ಎಷ್ಟೊತ್ತಿಗೆ ಎದ್ದಿ ಬಿಡ್ಡಾ? ಇನ್ನೊಂದು ಜರಾ ಮಲಗಬೇಕಿಲ್ಲಾ?”

ರಜಿನಿ ತಿರುಗಿ ನೋಡಿದಳು. ಬುಚ್ಚಮ್ಮ ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ಗೆಲುವಿತ್ತು.

“ಅತ್ತಮ್ಮ, ನಾನು ರಜಿನಿ.”

“ರಜಿನಿ ತವರಿಗೆ ಹೋಗ್ಯಾಳ. ಏಳು, ರೊಟ್ಟಿ ನಾ ಬಡೀತೀನಿ. ನೀ ಹೋಟೆಲಿನ್ಯಾಗ ಮಾಡಿ ಮಾಡಿ ಸಾಕಾಗಿರ್ತೈತಿ.”

ಬುಚ್ಚಮ್ಮ ನಿಜವಾಗಿಯೂ ಕುಳಿತು ರೊಟ್ಟಿ ಬಡಿದಳು. ಮೊದಲನೆಯ ರೊಟ್ಟಿಯನ್ನು ಬೆಣ್ಣೆ ಸವರಿ ರಜಿನಿಯ ತಟ್ಟೆಗೆ ಹಾಕಿದಳು. ಆ ಮನೆಗೆ ಬಂದ ಮೇಲೆ ರಜಿನಿ ಬಿಸಿ ರೊಟ್ಟಿ ತಿಂದದ್ದು ಅಂದೇ. ತಿನ್ನುವಾಗ ಹೆದರಿಕೆಯಾಯಿತು, ಆದರೂ ರೊಟ್ಟಿ ರುಚಿಯಾಗಿತ್ತು.

ಮಧ್ಯಾಹ್ನ ಅವಳು ಗಂಡನನ್ನು ಮಗ್ಗದ ಬಳಿ ಹಿಡಿದಳು. ಬಾಲರಾಜ ಲಾಳಿ ನಿಲ್ಲಿಸಿದ. ಶ್ರೀರಾಮುಲು ನೂಲು ಬಿಡಿಸುತ್ತ ಅಲ್ಲೇ ಇದ್ದ.

“ಅತ್ತಮ್ಮ ನನ್ನ ಸ್ರವಂತಿ ಅಂತ ತಿಳಕೊಂಡಾರ.”

“ದುಃಖದಾಗ ಹಂಗ ಆಗತೈತಿ. ನಾಕು ದಿನ ಹೋಗ್ಲಿ.”

“ನೀವು ಹೇಳ್ರಿ ಅವರಿಗೆ.”

“ಹೇಳಿ? ಮತ್ತ ಉಪಾಸ ಬಿದ್ರ?”

ಶ್ರೀರಾಮುಲು ನೂಲಿನಿಂದ ಕಣ್ಣು ತೆಗೆಯದೆ ಹೇಳಿದ: “ಕರದ್ರ ಕರೀಲಿ ಬಿಡವ್ವ. ಉಣ್ಣಾಕತ್ಯಾಳ ಅಕಿ. ನಿಂದೇನು ಹೋಗತೈತಿ?”

ಏನು ಹೋಗುತ್ತದೆ ಎಂದು ರಜಿನಿಗೂ ಅಂದು ಹೇಳಲು ಬರಲಿಲ್ಲ.

ನಾಲ್ಕು ದಿನ ಎಂದದ್ದು ವಾರವಾಯಿತು, ವಾರ ವಾರಗಳಾದವು. ಬುಚ್ಚಮ್ಮನಿಗೆ ದೊರಸಾನಿ ಹೋಳಿಗೆಯ ಹುಚ್ಚು ಹಿಡಿಯಿತು. ಬುಧವಾರ ಒಮ್ಮೆ, ಶನಿವಾರ ಒಮ್ಮೆ ಓವನ್ ಹೊತ್ತಬೇಕು. ಅದರೊಳಗಿನ ಕೆಂಪು ಬೆಳಕಿನ ಮುಂದೆ ಬುಚ್ಚಮ್ಮ ಕಾಲು ಚಾಚಿ ಕುಳಿತು ಮಗಳ ಜೊತೆ ಹರಟುವಳು. ಮಗಳ ಬಾಲ್ಯದ ಕಥೆಗಳನ್ನು ಕೇಳಿ ರಜಿನಿ ಹ್ಞೂಂಗುಟ್ಟುವಳು. ಒಮ್ಮೆ ಬುಚ್ಚಮ್ಮ, “ಜೂರಾಲ ಡ್ಯಾಮಿನ ದಂಡ್ಯಾಗ ನಿನ್ನ ಚಪ್ಪಲಿ ನೀರಾಗ ಹರಿದುಹೋತಲ್ಲ, ಯಾವ ಬಣ್ಣದ್ದು ಅದು?” ಎಂದು ನೆನಪಿಸಿಕೊಳ್ಳಲು ತಿಣುಕಿದಳು. “ನೀಲಿ” ಎಂದಳು ರಜಿನಿ ಹಿಟ್ಟು ಒತ್ತುತ್ತ. ಸುಮ್ಮನೆ ಬಾಯಿಗೆ ಬಂದ ಮಾತು. ಬುಚ್ಚಮ್ಮ ಚಪ್ಪಾಳೆ ತಟ್ಟಿದಳು. ಮಗ್ಗದ ಮನೆಯಲ್ಲಿ ಲಾಳಿಯ ಸದ್ದು ನಿಂತಿತು. ಅಂದು ಊಟದ ಹೊತ್ತಿಗೆ ಬಾಲರಾಜ ಹೆಂಡತಿಯ ಮುಖವನ್ನು ನೇರವಾಗಿ ನೋಡಲಿಲ್ಲ.

ಅದೇ ಸಂಜೆ ಬುಚ್ಚಮ್ಮ ಗಂಡ ಹೆಂಡಿರ ಕೋಣೆಗೆ ಬಂದು ಬಾಲರಾಜನ ಹಾಸಿಗೆ ಸುತ್ತಿದಳು.

“ಬೆಳದ ಅಣ್ಣ ತಂಗಿ ಒಂದ ಖೋಲ್ಯಾಗ ಮಲಗತಾರೇನು? ಮಂದಿ ಏನಂದಾರು? ರಜಿನಿ ಬರೋತನ ನೀ ಮಗ್ಗದ ಕಡೆ ಮಲಕೋ.”

ರಜಿನಿ ಗಂಡನ ಬಾಯಿಯನ್ನೇ ನೋಡಿದಳು. ಈಗಲಾದರೂ ಒಂದು ಮಾತು ಆಡುತ್ತಾನೆ ಎಂದುಕೊಂಡಳು. ಬಾಲರಾಜ ಪೆಚ್ಚಾಗಿ ನಕ್ಕು ಹಾಸಿಗೆಯನ್ನು ಹೆಗಲಿಗೇರಿಸಿದ. ನಕ್ಕದ್ದು ಸರಿ, ಆದರೆ ಆ ನಗುವಿನಲ್ಲಿ ಒಂದಿಷ್ಟು ನಿರಾಳವೂ ಇತ್ತು ಎಂದು ಅವಳಿಗೆ ಅನ್ನಿಸಿತು.

ಸುಳ್ಳೇಕೆ ಹೇಳಬೇಕು, ಸುಖವೂ ಇತ್ತು. ಬುಚ್ಚಮ್ಮ ವಾರಕ್ಕೊಮ್ಮೆ ತಲೆಗೆ ಎಣ್ಣೆ ಹಾಕಿ ತಟ್ಟುವಳು, ಸಿಕ್ಕು ಬಿಡಿಸಿ ಜಡೆ ಹಾಕುವಳು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ಕೆಲಸ ತಪ್ಪಿತು. “ನನ್ನ ಮಗಳ ಕೈ ನೋಯ್ತಾವ” ಎಂದು ರಾಟೆಯನ್ನು ತಾನೇ ಎಳೆದುಕೊಳ್ಳುವಳು. ಅತ್ತೆಯ ಕೈ ಇಷ್ಟು ಮೆತ್ತಗೆ ಎಂದು ರಜಿನಿಗೆ ಗೊತ್ತೇ ಇರಲಿಲ್ಲ. ಒಂದು ದಿನ ಹಾಗೆ ಜಡೆ ಹಾಕಿಸಿಕೊಳ್ಳುತ್ತ ಕಣ್ಣು ಮುಚ್ಚಿದ್ದಾಗ, “ಅವ್ವ, ಜರಾ ಮೆಲ್ಲಕ” ಎಂದುಬಿಟ್ಟಳು. ಅಂದ ಮೇಲೆ ಬೆಚ್ಚಿದಳು. ಅತ್ತಮ್ಮ ಎಂಬ ಮಾತು ಬಾಯಿಗೆ ಬರಲೇ ಇಲ್ಲ.

ಚನ್ನವೀರಮ್ಮ ಗದ್ವಾಲದಿಂದ ಬಂದದ್ದು ಆಮೇಲೆ. ಮೊಮ್ಮಗ ಹುಟ್ಟಿದ ಪೇಡೆ ಹಂಚಲು ಬಂದವಳು, ರಜಿನಿಯ ಮೈಮೇಲಿನ ಹಸಿರು ಚೌಕಳಿ ಸೀರೆಯನ್ನು ಕಂಡು ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಈ ಸೀರಿ ನಿನ್ನ ಮ್ಯಾಲೆ ಯಾಕ ಐತಿ?”

ರಜಿನಿ ನಡೆದದ್ದನ್ನೆಲ್ಲ ಹೇಳಿದಳು.

“ಮನಿ ಸೊಸೀನ್ನ ಕೂಡ್ರಿಸಿದ್ರಾ!” ಮುದುಕಿ ಎದೆ ಮುಟ್ಟಿಕೊಂಡಳು. “ಉಂಡಾಕಿ ಹೊಸ್ತಿಲು ದಾಟಿ ಹೋಗಬೇಕು, ಅಕಿ ಕೂಡ ಸತ್ತಾಕಿ ಹೋಗ್ತಾಳ. ನೀ ಉಂಡು ಇಲ್ಲೇ ಉಳದಿ. ಕರದು, ಉಣಿಸಿ, ಕಳಸದ ಹಂಗೇ ಬಿಟ್ಟಾರಲ್ಲ! ಈಗಿಂದೀಗ ತವರಿಗೆ ಹೋಗು. ಈ ಸೀರೀಲೇ ಹೋಗು. ಹೊಳ್ಳಿ ನೋಡಬ್ಯಾಡ.”

ರಜಿನಿ ಮರುದಿನವೇ ಚಿನ್ನಿಯನ್ನು ಎತ್ತಿಕೊಂಡು ಮಕ್ತಲ್ ಬಸ್ಸು ಹತ್ತಿದಳು. ಶ್ರೀರಾಮುಲು ಬೇಡ ಎನ್ನಲಿಲ್ಲ, ಬಾಲರಾಜ ಗೊಣಗಿದ. ಬುಚ್ಚಮ್ಮ ಮಾತ್ರ ಓಣಿಯ ತುದಿಯವರೆಗೂ ಬಂದಳು. ಹಿಂದಿನಿಂದ ಅವಳ ದನಿ ಕೇಳಿಸುತ್ತಲೇ ಇತ್ತು. “ಡ್ಯೂಟಿಗೆ ಹೊಂಟಿ ಏನು ಬಿಡ್ಡಾ? ಲಗೂನ ಬಾ. ಹೊತ್ತಿಗೆ ಸರಿಯಾಗಿ ಉಣ್ಣು.” ರಜಿನಿ ಹಿಂತಿರುಗಿ ನೋಡಲಿಲ್ಲ. ಅತ್ತಿದ್ದು ಮಾತ್ರ ಬಸ್ಸಿನಲ್ಲಿ ಎಲ್ಲರಿಗೂ ಕಂಡಿತು.

ಮಕ್ತಲ್‌ನಲ್ಲಿ ಸೀರೆ ಬಿಚ್ಚಿ, ತಲೆಗೆ ನೀರು ಹಾಕಿಕೊಂಡಳು. ಹಗುರವಾಯಿತು ಎಂದುಕೊಂಡಳು. ಎರಡು ದಿನ ಕಳೆದ ಮೇಲೆ ಅವಳ ತಾಯಿ ಅಂಗಳದಿಂದ ಕರೆದಳು. “ರಜಿನೀ... ಏ ರಜಿನೀ!” ರಜಿನಿ ಅಕ್ಕಿ ಆರಿಸುತ್ತಲೇ ಇದ್ದಳು. ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡಿದ್ದಳು. ತಾಯಿ ಬಂದು ಭುಜ ಅಲುಗಿಸಿದಾಗಲೇ ತಲೆ ಎತ್ತಿದ್ದು.

“ಕಿವಿ ಕೇಳ್ಸಂಗಿಲ್ಲೇನು? ಎಷ್ಟು ಒದರಬೇಕು?”

ಅಷ್ಟರಲ್ಲಿ ಚಿನ್ನಿ ನಿದ್ದೆಯಿಂದ ಎದ್ದು ಕಣ್ಣು ಉಜ್ಜುತ್ತ ಬಂದಳು. ರಜಿನಿಯ ಮಡಿಲು ಹತ್ತಿ, “ಅತ್ತಿ, ಹಸಿವು” ಎಂದಳು.

“ಏನಂದಿ?” ಎಂದಳು ರಜಿನಿ.

“ಅತ್ತಿ.”

ಅತ್ತಿ ಎಂದರೆ ಅಪ್ಪನ ತಂಗಿ. ಬುಚ್ಚಮ್ಮ ದಿನವೂ ಮಗುವನ್ನು ಮುಂದೆ ಕೂರಿಸಿಕೊಂಡು, ‘ಅತ್ತಿ ಅನ್ನು, ಅತ್ತಿ ಅನ್ನು’ ಎಂದು ಕಲಿಸುತ್ತಿದ್ದುದು ರಜಿನಿಗೆ ಗೊತ್ತಿತ್ತು. ಮಕ್ಕಳ ಆಟ ಎಂದು ಬಿಟ್ಟಿದ್ದಳು.

“ನಾ ನಿಮ್ಮವ್ವ ಅಲ್ಲೇನು ಚಿನ್ನಿ? ಅವ್ವ ಅನ್ನು.”

“ಅವ್ವ ಇಲ್ಲ,” ಎಂದಿತು ಮಗು, ಕೈ ತಿರುಗಿಸಿ. “ಅವ್ವ ಊರಿಗೆ ಹೋಗ್ಯಾಳ.”

ರಜಿನಿಯ ತಾಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ರಜಿನಿ ಮಗುವನ್ನು ಅಪ್ಪಿಕೊಂಡು ಹೋ ಎಂದು ಅತ್ತಳು. ಏನು ಹೋಗುತ್ತದೆ ಎಂದು ಮಾವ ಕೇಳಿದ್ದಕ್ಕೆ ಉತ್ತರ ಈಗ ಮಡಿಲಲ್ಲಿ ಕುಳಿತಿತ್ತು. ತಾನು ಆ ಮನೆಯಲ್ಲಿ ಒಬ್ಬಳು ಎಂಬುದೇ ಅಳಿಸಿಹೋಗುತ್ತಿದೆ, ಇನ್ನು ಸ್ವಲ್ಪ ದಿನ ಕಳೆದರೆ ತಾನು ಹೆತ್ತ ಮಗುವಿಗೂ ತಾನಿಲ್ಲ.

ಬಾಲರಾಜ ಅವಳನ್ನು ಕರೆದೊಯ್ಯಲು ಬಂದಾಗ ಅವನ ಮುಖ ಇಳಿದಿತ್ತು. ರಜಿನಿಯ ತಾಯಿ ಕೊಟ್ಟ ನೀರನ್ನೂ ಕುಡಿಯದೆ ಹೇಳಿದ: “ಅವ್ವ ಮತ್ತ ಊಟ ಬಿಟ್ಟಾಳ. ಮಗಳು ಡ್ಯೂಟಿಯಿಂದ ಬರ್ಲಿ ಅಂತಾಳ. ನಿನ್ನೆ ಚಕ್ರ ಬಂದು ಬಿದ್ಲು. ಸಲೈನ್ ಹಚ್ಚಿಸಿಕೊಂಡು ಬಂದೀವಿ. ನಡಿ.”

“ನಾ ಬರಂಗಿಲ್ಲ.”

“ಮುದುಕಿ ಸತ್ರ ನಿನಗ ಸಮಾಧಾನ ಆಗತೈತೇನು?”

“ನಾ ಸತ್ರ ನಿಮಗ ಆಗತೈತೇನ್ರಿ?” ಎಂದಳು ರಜಿನಿ. “ನಿಮ್ಮ ಮಗಳನ್ನ ಕೇಳ್ರಿ, ಅವರವ್ವ ಎಲ್ಲದಾಳ ಅಂತ.”

ಬಾಲರಾಜ ಚಿನ್ನಿಯನ್ನು ಕೇಳಿದ. ಮಗು ಹೇಳಿತು. ಅವನು ಅವಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡ. ಕೆಟ್ಟವನೇನಲ್ಲ ಅವನು. ಒಂದು ಕಷ್ಟದ ಮಾತನ್ನು ಆಡಬೇಕಾದಾಗ ಲಾಳಿಯ ಸದ್ದಿನೊಳಗೆ ಅಡಗಿಕೊಳ್ಳುವ ಜಾತಿಯವನು, ಅಷ್ಟೇ.

“ಆತು,” ಎಂದ ಕೊನೆಗೆ. “ನಾನೇ ಹೇಳ್ತೀನಿ ಅವ್ವಗ. ಹೊಸ್ತಿಲ ಮ್ಯಾಲೇ ಹೇಳ್ತೀನಿ, ಇಕಿ ರಜಿನಿ, ನನ್ನ ಹೇಂತಿ ಅಂತ. ಚಿನ್ನಿ ಮ್ಯಾಲೆ ಆಣಿ.”

ರಜಿನಿ ನಂಬಿದಳು. ಹಸಿರು ಸೀರೆಯನ್ನು ಮಕ್ತಲ್‌ನಲ್ಲೇ ಬಿಟ್ಟು, ತನ್ನ ಹಳೆಯ ಬೂದು ಬಣ್ಣದ ಸೀರೆ ಉಟ್ಟು, ಗಂಡನ ಜೊತೆ ಬಂದಳು. ಓಣಿಗೆ ತಿರುಗುವಾಗ ಎದೆ ಗಟ್ಟಿ ಮಾಡಿಕೊಂಡಳು. ಬುಚ್ಚಮ್ಮ ಹೊಸ್ತಿಲ ಬಳಿ ಬಾಗಿಲ ತೋಳು ಹಿಡಿದು ನಿಂತಿದ್ದಳು. ಕೈಗಳು ಕಡ್ಡಿಯಂತಾಗಿದ್ದವು. ಅವರನ್ನು ಕಂಡದ್ದೇ ಮುಖ ಅರಳಿತು.

“ಬಂದಿ ಏನು ಬಿಡ್ಡಾ?”

ರಜಿನಿ ಗಂಡನ ಕಡೆ ನೋಡಿದಳು. ಬಾಲರಾಜ ಬಾಯಿ ತೆರೆದ. ತಾಯಿಯ ಕೈಯ ಮೇಲಿನ ಸಲೈನಿನ ಪಟ್ಟಿಯನ್ನು ನೋಡಿದ.

“ಹ್ಞೂಂ ಅವ್ವ,” ಎಂದ. “ಸ್ರವಂತಿ ಬಂದ್ಲು.”

ಅಂದಿನಿಂದ ರಜಿನಿ ಜಗಳ ಆಡುವುದನ್ನು ಬಿಟ್ಟಳು. ಹೇಳಿದ ದಿನ ಹೋಳಿಗೆ ಮಾಡುವಳು, ಕರೆದ ಹೆಸರಿಗೆ ಓಗೊಡುವಳು. ಅವಳ ಕೈ ಈಗ ಪಟ್ಟಿ ಹೆಣೆಯುವಾಗ ಎಡಬಲ ಎಂದು ತಡವರಿಸುತ್ತಿರಲಿಲ್ಲ. ಮನೆಯಲ್ಲಿ ಶಾಂತಿ ನೆಲೆಸಿತು ಎಂದು ಶ್ರೀರಾಮುಲು ನೆಮ್ಮದಿಯಿಂದ ನೇಯ್ದ. ಬುಚ್ಚಮ್ಮ ಮಾತ್ರ ಆಗಾಗ ಗಂಡನ ಮುಖ, ಮಗನ ಮುಖ ನೋಡಿ ಯೋಚನೆಗೆ ಬೀಳುವಳು. ಮನೆಯಲ್ಲಿ ಸೂತಕದ ಕಳೆ ಇತ್ತು, ಬಂದವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಯಾರೋ ಹೋಗಿದ್ದಾರೆ ಎಂಬುದು ಅವಳಿಗೆ ತಿಳಿಯುತ್ತಿತ್ತು.

ಪೆತ್ತರಮಾಸೆ ಬಂತು, ಹಿರಿಯರಿಗೆಲ್ಲ ಎಡೆ ಇಡುವ ಅಮಾವಾಸ್ಯೆ. ನಡುಮನೆ ಸಾರಿಸಿ ಎಲೆ ಹಾಕಿದರು. ಶ್ರೀರಾಮುಲುವಿನ ಅಪ್ಪನಿಗೆ ಒಂದು, ತಾಯಿಗೆ ಒಂದು. ಸ್ರವಂತಿಯ ಎಲೆಯನ್ನು ಬುಚ್ಚಮ್ಮನ ಕಣ್ಣು ತಪ್ಪಿಸಿ ಮಗ್ಗದ ಮನೆಯಲ್ಲಿ ಇಡೋಣ ಎಂದು ತಂದೆ ಮಗ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಬುಚ್ಚಮ್ಮ ತಾನೇ ಒಂದು ಎಲೆ ತೊಳೆದು ತಂದು ಆ ಎರಡರ ಪಕ್ಕದಲ್ಲಿ ಹಾಸಿದಳು.

“ಇದು ಯಾರದು?” ಎಂದ ಶ್ರೀರಾಮುಲು ಗಾಬರಿಯಿಂದ.

“ರಜಿನಿದು.”

ಅನ್ನದ ಬುಟ್ಟಿ ಹಿಡಿದು ಬಂದ ರಜಿನಿ ಬಾಗಿಲಲ್ಲೇ ನಿಂತಳು.

“ನನ್ನಿಂದ ಯಾಕ ಮುಚ್ಚಿಡ್ತೀರಿ? ನನಗ ಗೊತ್ತಾಗೈತಿ.” ಬುಚ್ಚಮ್ಮ ಎಲೆಯ ಮುಂದೆ ಕುಸಿದು ಕುಳಿತಳು. “ತವರಿಗೆ ಹೋದಾಕಿ ಹೊಳ್ಳಿ ಬರಲಿಲ್ಲ. ಅಯ್ಯೋ, ಎಂಥ ಹುಡುಗಿ ಇತ್ತು! ನಮಗೆಲ್ಲ ಬಿಸಿ ರೊಟ್ಟಿ ಬಡದು ಹಾಕಿ, ಕಡೀಕ ತಣ್ಣಂದು ತಿಂತಿತ್ತು. ಕಂಡಿಕಿ ಸುತ್ತಿ ಸುತ್ತಿ ಹೆಬ್ಬಟ್ಟು ಸೀಳಿತ್ತು, ಎಣ್ಣಿ ಹಚ್ಕೋ ಅಂತ ನಾ ಒಂದಿನ ಅನಲಿಲ್ಲ. ಬಸುರಿದ್ದಾಗ ಏನು ಬೇಕವ್ವ ಅಂತ ಕೇಳಲಿಲ್ಲ. ಹುಡುಗಿ ಬಾಯಿ ಬಿಟ್ಟು ಕೇಳೋದಲ್ಲ. ನನ್ನ ಮಗಳಿಗಿಂತ ಹೆಚ್ಚು ಮಾಡ್ತು ನನಗ. ಒಮ್ಮೆ ತಲಿ ಮ್ಯಾಲೆ ಕೈ ಇಡಲಿಲ್ಲಲ್ಲೋ!”

ಅವಳು ನೆಲ ಬಡಿದು ಅತ್ತಳು. ಸ್ರವಂತಿಗೆ ಅತ್ತಂತೆಯೇ ಅತ್ತಳು. ರಜಿನಿಗೆ ಓಡಿ ಹೋಗಿ ಆ ಕಾಲುಗಳನ್ನು ಹಿಡಿದು ನಾನು ಇದ್ದೇನೆ ಎನ್ನಬೇಕು ಅನ್ನಿಸಿತು. ಹಾಗೆಯೇ, ಇನ್ನೂ ಸ್ವಲ್ಪ ಅಳಲಿ, ಇನ್ನೂ ಒಂದೆರಡು ಮಾತು ಆಡಲಿ ಎಂದೂ ಅನ್ನಿಸಿತು. ಬದುಕಿದ್ದವಳಿಗೆ ಈ ಮಾತುಗಳು ಸಿಕ್ಕಿರಲಿಲ್ಲ.

ಬುಚ್ಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ತಲೆ ಎತ್ತಿದಳು. “ಅಕಿಗೆ ಸೇರೋದು ಏನರೆ ಮಾಡಿ ಎಲಿಗೆ ಹಾಕಬೇಕಲ್ಲ. ಬಾಲರಾಜ, ನಿನ್ನ ಹೇಂತಿಗೆ ಏನು ಸೇರತಿತ್ತೋ?”

ಬಾಲರಾಜ ತಂದೆಯನ್ನು ನೋಡಿದ. ಶ್ರೀರಾಮುಲು ನೆಲ ನೋಡಿದ. ಹುಗ್ಗಿ ಎನ್ನಲೇ, ಭಜಿ ಎನ್ನಲೇ? ಐದು ವರ್ಷ ಅವಳ ಕೈಯಲ್ಲಿ ಉಂಡವನು. ತಾಯಿ ಕಾಯುತ್ತಿದ್ದಳು. ಅವನು ದಿಕ್ಕು ಕಾಣದೆ ಬಾಗಿಲ ಕಡೆ ತಿರುಗಿದ.

“ಸ್ರವಂತಿ,” ಎಂದ, ರೂಢಿಯಾದ ಬಾಯಿ, “ನಿಮ್ಮ ವೈನಿಗೆ ಏನು ಸೇರತಿತ್ತು?”

ಅವಳು ಹೇಳಲು ಬಾಯಿ ತೆರೆದಳು. ಮಕ್ತಲ್‌ನ ಅಡುಗೆಮನೆ ಕಣ್ಣ ಮುಂದೆ ಬಂತು, ತಾಯಿ ಏನೋ ಬಡಿಸುತ್ತಿದ್ದಳು, ತಟ್ಟೆಯಲ್ಲಿ ಏನಿದೆ ಎಂದು ಮಾತ್ರ ಕಾಣಲಿಲ್ಲ. ನಾಲಿಗೆಯ ಮೇಲೆ ಬೆಲ್ಲದ ಪಾಕ, ನಿಂಬೆ ಸಿಪ್ಪೆಯ ಕಹಿ, ಅಷ್ಟೇ ಇತ್ತು.

“ಗೊತ್ತಿಲ್ಲಣ್ಣ,” ಎಂದಳು. “ನಾವ್ಯಾರೂ ಕೇಳೇ ಇಲ್ಲಲ್ಲ.”

ಬಾಲರಾಜ ಅವಳ ಕಡೆ ಒಂದು ಹೆಜ್ಜೆ ಇಟ್ಟ. “ರಜಿನಿ,” ಎಂದ. ಆಮೇಲೆ ಜೋರಾಗಿ, ತಾಯಿ ಇದ್ದಾಳೆ ಎಂಬುದನ್ನೂ ಮರೆತು, “ರಜಿನೀ!” ಎಂದು ಕೂಗಿದ.

ಅವಳು ಅನ್ನದ ಬುಟ್ಟಿಯನ್ನು ಕೆಳಗಿಟ್ಟು, ಅಣ್ಣ ಸತ್ತವರನ್ನು ಕರೆದು ಅಳುತ್ತಿದ್ದಾನೆ ಎಂಬಂತೆ ಕಣ್ಣೊರೆಸಿಕೊಂಡು, ಆ ಖಾಲಿ ಎಲೆಯ ಮುಂದೆ ಬುಚ್ಚಮ್ಮನ ಪಕ್ಕದಲ್ಲಿ ಕುಳಿತು ಕೈಮುಗಿದಳು.